ಕಾರು ಕೆಮ್ಮೋದಿಲ್ಲ

ನಮ್ಮೂರಲ್ಲಿ ಕಾರಿದ್ದವರಿಗೆ ಫೋನ್ ಮಾಡಿದರೆ ಈಗ ಮೊದಲು ಕೇಳಿಸೋದು ‘ಹಲೋ’ ಅಲ್ಲ. ‘ಹಾಂ, ಕಾರಲ್ಲಿದೀನಿ ಕಣಪ್ಪ, ಎಲ್ಲಾರೂ ಇದಾರೆ, ಹೇಳು’ ಅನ್ನೋ ಮಾತು. ಒಂದೇ ಉಸಿರಲ್ಲಿ, ನಾವು ಬಾಯಿ ತೆರೆಯೋ ಮುಂಚೆ. ಕೊನೆಗೆ ‘ಹೇಳು’ ಅಂತ ಸೇರಿಸುತ್ತಾರೆ ನಿಜ, ಆದರೆ ಅದರ ಅರ್ಥ ‘ಹೇಳಬೇಡ’ ಅಂತ. ಫೋನನ್ನು ತಂತಿಯಿಲ್ಲದೆ ಕಾರಿಗೆ ಸೇರಿಸೋ ಬ್ಲೂಟೂತ್ ಇದ್ದರೆ ಆ ಕಡೆಯವರ ಮಾತು ಕಾರಿನ ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸುತ್ತಲ್ಲ, ಅದಕ್ಕೆ. ದಾವಣಗೆರೆಯಲ್ಲಿ ಇದನ್ನು ಯಾರೂ ಯಾರಿಗೂ ಕಲಿಸಲಿಲ್ಲ. ಮೆಕ್ಕೆಜೋಳದ ದಲಾಲಿಗಳೂ ಹೇಳುತ್ತಾರೆ, ನಮ್ಮ ಓಣಿಯ ಡಾಕ್ಟರೂ ಹೇಳುತ್ತಾರೆ, ಹೋದ ವರ್ಷ ಮೊದಲ ಕಾರು ತಗೊಂಡ ನನ್ನ ಹಳೇ ವಿದ್ಯಾರ್ಥಿಯೂ ಹೇಳುತ್ತಾನೆ. ಪ್ರತಿಯೊಬ್ಬರೂ ಒಂದೊಂದು ಸಲ ಸಿಕ್ಕಿಹಾಕಿಕೊಂಡ ಮೇಲೇ ಕಲಿತಿರಬೇಕು ಅಂತ ನನ್ನ ಅನುಮಾನ. ನಾನಂತೂ ಹಾಗೇ ಕಲಿತಿದ್ದು. ಭರಮಸಾಗರದ ಹತ್ತಿರ.

ಭರಮಸಾಗರ ದಾಟಿದ ಮೇಲೆ

ಚಿತ್ರದುರ್ಗದಲ್ಲಿ ನಮ್ಮ ಕಡೆಯವರ ಗೃಹಪ್ರವೇಶ ಇತ್ತು. ಕಾರಲ್ಲಿ ನಾನು, ಪಕ್ಕದಲ್ಲಿ ನನ್ನ ಹೆಂಡತಿ, ಹಿಂದೆ ನಮ್ಮ ಸೋದರತ್ತೆ. ಎಲ್ಲರೂ ದೊಡ್ಡತ್ತೆ ಅಂತ ಕರೆಯೋದು. ಎಪ್ಪತ್ತೆಂಟು ವಯಸ್ಸು, ಕಿವಿ ಮಾತ್ರ ಹದಿನೆಂಟರದ್ದು. ತೊಡೆ ಮೇಲೆ ಒಂದು ಸ್ಟೀಲ್ ಡಬ್ಬಿ ತುಂಬ ಶೇಂಗಾ ಹೋಳಿಗೆ. ಡಿಕ್ಕಿಯಲ್ಲಿಡ್ತೀನಿ ಅಂದರೆ ಕೊಟ್ಟಿರಲಿಲ್ಲ. ಆನಗೋಡು ದಾಟೋವರೆಗೆ ಊರಿನ ಸುದ್ದಿ ನಡೀತು. ಆಮೇಲೆ ‘ಸುಮ್ನೆ ಏನಾರ ಹಾಡು ಹಾಕಪ್ಪ’ ಅಂದರು. ಹಳೇ ಭಾವಗೀತೆ ಒಂದನ್ನು ಹಾಕಿದೆ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ದೂರದಲ್ಲಿ ಕಾಣೋಕೆ ಶುರುವಾಗಿದ್ದವು. ಅಷ್ಟರಲ್ಲಿ ಹಾಡು ನಿಂತು, ರಿಂಗ್ ಆಗಿ, ತಮ್ಮನ ಹೆಸರು ಪರದೆ ಮೇಲೆ ಬಂತು. ಅವನು ಹಿಂದಿನ ದಿನವೇ ದುರ್ಗಕ್ಕೆ ಹೋಗಿ ಅಡಿಗೆಯವರ ಮೇಲುಸ್ತುವಾರಿ ನೋಡ್ತಿದ್ದ. ನಾನು ಸ್ಟೀರಿಂಗ್ ಮೇಲಿನ ಹಸಿರು ಬಟನ್ ಒತ್ತಿದೆ.

‘ಅಣ್ಣಾ, ಎಲ್ಲಿದೀರಿ? ಆ ಮುದುಕಿನೂ ಕರ್ಕಂಡು ಬರ್ತಿದೀಯೇನು? ಬಂದ್ರೆ ನನ್ನ ಪಂಕ್ತಿಲಿ ಮಾತ್ರ ಕೂರಿಸಬೇಡ ಮಾರಾಯ. ಹೋದ ಸಲ ಬೀಗರ ಮುಂದೆ ನನ್ನ ಮಗನ ಸಂಬಳ ಎಷ್ಟು ಅಂತ ಕೇಳಿದ್ಲು. ಅದರಾಗೆ ಮನೆ ಬಾಡಿಗೆ ಎಷ್ಟು ಹೋಗತೈತಿ ಅಂತ ಬೇರೆ...’

ದನಿ ತಗ್ಗಿಸೋಣ ಅಂತ ಗುಬುಟು ತಿರುಗಿಸಿದೆ. ತಿರುಗಿಸಿದ್ದು ಎಸಿಯದ್ದು. ಗಾಳಿ ಬುಸುಗುಟ್ಟಿತು, ತಮ್ಮ ಅದಕ್ಕಿಂತ ಜೋರಾಗಿ ಮುಂದುವರಿಸಿದ. ಎದುರಿಗೆ ಒಂದು ಲಾರಿ ಇನ್ನೊಂದು ಲಾರಿಯನ್ನು ಹಿಂದೆ ಹಾಕೋಕೆ ಒದ್ದಾಡ್ತಾ ಎರಡೂ ಲೇನ್ ಮುಚ್ಚಿತ್ತು, ಕಣ್ಣು ತೆಗೆಯೋ ಹಾಗಿಲ್ಲ. ಹೆಂಡತಿ ಫೋನ್ ಎತ್ತಿಕೊಂಡಳು. ಫೋನ್, ಸ್ಪೀಕರ್, ಕಾರ್ ಅಂತ ಮೂರು ಆಯ್ಕೆ ಬಂದವು. ಗಾಬರಿಯಲ್ಲಿ ಸ್ಪೀಕರ್ ಒತ್ತಿದಳು. ಈಗ ನನ್ನ ತಮ್ಮ ಕಾರಿನ ಬಾಗಿಲುಗಳಿಂದ ಇಳಿದು ನನ್ನ ಹೆಂಡತಿಯ ಅಂಗೈ ಮೇಲೆ ನಿಂತು ಅದೇ ಮಾತು ಹೇಳ್ತಿದ್ದ. ಕೊನೆಗೆ ನಾನೇ, ‘ದೊಡ್ಡತ್ತೆ ಇಲ್ಲೇ ಇದಾರೆ, ಮಾತಾಡ್ತೀಯೇನೋ?’ ಅಂದೆ. ಆ ಕಡೆ ಒಂದು ಕ್ಷಣ ಯಾವ ಸದ್ದೂ ಇಲ್ಲ. ಹಿಂದೆ ಸೌಟು ಬಿದ್ದ ಸದ್ದು ಮಾತ್ರ ಕೇಳಿಸಿತು. ಆಮೇಲೆ ಕಟ್.

ಕಟ್ ಆದ ಕೂಡಲೇ ಹಾಡು ಎಲ್ಲಿ ನಿಂತಿತ್ತೋ ಅಲ್ಲಿಂದಲೇ, ಸಾಲಿನ ಅರ್ಧಕ್ಕೆ, ಕೊಳಲಿನ ಜೊತೆ ಮತ್ತೆ ಶುರುವಾಯಿತು. ನನಗೆ ಇವತ್ತಿಗೂ ಆ ಕೊಳಲಿನ ಮೇಲೆ ಸಿಟ್ಟಿದೆ. ಅದನ್ನ ಆರಿಸೋಣ ಅಂದರೆ ಆರಿಸಿದ್ದೇ ಎದ್ದು ಕಾಣುತ್ತೆ. ಬಿಟ್ಟರೆ ಏನೂ ಆಗಿಲ್ಲ ಅಂತ ನಾಟಕ ಮಾಡಿದ ಹಾಗಾಗುತ್ತೆ. ನಾಟಕವನ್ನೇ ಮಾಡಿದೆ. ಕನ್ನಡಿಯಲ್ಲಿ ನೋಡಿದರೆ ದೊಡ್ಡತ್ತೆ ಡಬ್ಬಿಯ ಮುಚ್ಚಳವನ್ನು ಗಟ್ಟಿಯಾಗಿ ಒತ್ತುತ್ತಿದ್ದರು, ಅದು ಆಗಲೇ ಗಟ್ಟಿಯಾಗಿಯೇ ಕೂತಿತ್ತು. ಎರಡು ಕಿಲೋಮೀಟರ್ ಆದ ಮೇಲೆ, ‘ಚಾ ಎಲ್ಲಿ ಸಿಗತೈತಿ ಮುಂದೆ?’ ಅಂದರು. ಅಷ್ಟೇ.

ಊಟಕ್ಕೆ ಅವರು ಹುಡುಕಿಕೊಂಡು ಹೋಗಿ ತಮ್ಮನ ಪಕ್ಕದಲ್ಲೇ ಕೂತರು. ಕೋಸಂಬರಿಯಿಂದ ಮಜ್ಜಿಗೆವರೆಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸಂಬಳ ಕೇಳಿದ್ದರೆ ಅವನು ಸಂತೋಷವಾಗಿ ಹೇಳಿಬಿಡುತ್ತಿದ್ದ ಅಂತ ಕಾಣುತ್ತೆ, ಅವತ್ತಿನ ಹೋಳಿಗೆ ಅವನಿಗೆ ನುಂಗಲಾರದ ತುತ್ತಾಗಿತ್ತು. ವಾಪಸ್ ಬರೋವಾಗ ಕಾರು ಹತ್ತೋ ಮುಂಚೆ ದೊಡ್ಡತ್ತೆ ನನ್ನ ಜೇಬಿನ ಕಡೆ ಬೆರಳು ತೋರಿಸಿ, ‘ಅದನ್ನ ಆರ್ಸಿ ಇಡು’ ಅಂದರು.

ತಮ್ಮನಿಗೆ ಕಾಣದೇ ಇದ್ದದ್ದು

ತಮ್ಮ ಕೆಟ್ಟವನಲ್ಲ. ನನ್ನ ಕಿವಿಗೆ ಹೇಳಬೇಕಾದ ಮಾತನ್ನ ನನ್ನ ಕಿವಿಗೇ ಹೇಳ್ತಿದೀನಿ ಅಂದುಕೊಂಡು ಹೇಳಿದ. ಎಲ್ಲರ ಮನೆಯಲ್ಲೂ ಇಂಥ ಮಾತಿರುತ್ತೆ, ಅಲ್ವಾ? ಅಷ್ಟಕ್ಕೂ ದೊಡ್ಡತ್ತೆ ಸಂಬಳ ಕೇಳಿದ್ದು ನಿಜ. ತೊಂದರೆ ಆಗಿದ್ದು ಅವನಿಗೆ ನಾವು ಕಾಣುತ್ತಿರಲಿಲ್ಲ ಅನ್ನೋದರಿಂದ. ಮುಂದಿನ ಲಾರಿಗಳೂ ಕಾಣುತ್ತಿರಲಿಲ್ಲ.

ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 2008ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದ್ದರು. ಡ್ರೈವಿಂಗ್ ಸಿಮ್ಯುಲೇಟರಿನಲ್ಲಿ, ಅಂದರೆ ಪರದೆ ಮೇಲೆ ರಸ್ತೆ ತೋರಿಸೋ ನಕಲಿ ಕಾರಲ್ಲಿ, ಕೂತವರು ಹೆದ್ದಾರಿಯಲ್ಲಿ ಹೋಗಿ ಒಂದು ನಿಲುಗಡೆ ಜಾಗಕ್ಕೆ ತಿರುಗಬೇಕು. ಕೆಲವರು ಪಕ್ಕದಲ್ಲಿ ಕೂತ ಗೆಳೆಯರ ಜೊತೆ ಮಾತಾಡುತ್ತಾ ಹೋದರು, ಕೆಲವರು ಹ್ಯಾಂಡ್ಸ್-ಫ್ರೀ ಫೋನಿನಲ್ಲಿ. ಫೋನಿನಲ್ಲಿದ್ದವರಲ್ಲಿ ಸುಮಾರು ಅರ್ಧ ಜನ ತಿರುವು ತಪ್ಪಿಸಿಕೊಂಡು ಮುಂದೆ ಹೋಗಿಬಿಟ್ಟರು. ಪಕ್ಕದಲ್ಲಿ ಕೂತವರ ಜೊತೆ ಹರಟಿದವರಲ್ಲಿ ಹೆಚ್ಚಿನವರು ಸರಿಯಾಗಿ ತಿರುಗಿದರು. ಕಾರಣ ಸರಳ. ಪಕ್ಕದವರಿಗೂ ರಸ್ತೆ ಕಾಣುತ್ತೆ. ಗಾಡಿಗಳು ಜಾಸ್ತಿಯಾದರೆ ಅವರೇ ಮಾತು ತಡೆಯುತ್ತಾರೆ, ‘ಅಗೋ ಬಂತು ನೋಡು’ ಅನ್ನುತ್ತಾರೆ. ನಮ್ಮ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದಾಗ ಅಪಾಯದ ಚಾಲನೆಯ ಪಟ್ಟಿಗೆ ಸೇರಿಸಿದ್ದು ಕೈಯಲ್ಲಿ ಹಿಡಿದು ಬಳಸೋ ಫೋನನ್ನು. ಕೈ ಖಾಲಿ ಇದ್ದರೆ ತಲೆಯೂ ಖಾಲಿ ಇರುತ್ತೆ ಅಂತ ಲೆಕ್ಕ ಹಾಕಿದ ಹಾಗೆ! ಆ ಲಾರಿಗಳ ಹಿಂದೆ ನನ್ನ ಎರಡೂ ಕೈ ಸ್ಟೀರಿಂಗ್ ಮೇಲೇ ಇದ್ದವು. ದೊಡ್ಡತ್ತೆ ಮಾತ್ರ ಸೀಟಿನ ತುದಿಗೆ ಬಂದು ಉಸಿರು ಬಿಗಿಹಿಡಿದಿದ್ದರು. ತಮ್ಮನ ಮಾತಿಗೆ ಅಂತ ಆಗ ಅಂದುಕೊಂಡಿದ್ದೆ. ಲಾರಿಗೇ ಇರಬೇಕು ಅಂತ ಆಮೇಲೆ ಅನ್ನಿಸಿತು. ಎರಡಕ್ಕೂ ಇರಬಹುದು.

ಹೊಸಿಲಲ್ಲಿ ನಿಂತ ಅಜ್ಜ

ಜಗಳೂರು ತಾಲ್ಲೂಕಿನ ನಮ್ಮ ಅಜ್ಜನ ಊರಲ್ಲಿ ಮನೆಯ ಬಾಗಿಲು ಬೆಳಗ್ಗೆ ತೆಗೆದರೆ ರಾತ್ರಿವರೆಗೆ ತೆಗೆದೇ ಇರುತ್ತಿತ್ತು. ಬಡಿಯೋ ಪದ್ಧತಿ ಇಲ್ಲ, ಕರೆಗಂಟೆ ಇಲ್ಲ. ಮಧ್ಯಾಹ್ನದ ಹೊತ್ತು ನಡುಮನೆಯಲ್ಲಿ ಅಜ್ಜಿ ಮತ್ತೆ ಓಣಿಯ ಹೆಂಗಸರು ಶೇಂಗಾ ಸುಲಿಯುತ್ತಾ ಕೂತಿರುತ್ತಿದ್ದರು. ಮಧ್ಯದಲ್ಲಿ ಒಂದು ಗೋಣಿತಾಟು, ಸುತ್ತ ಏಳೆಂಟು ಜನ. ಅಲ್ಲಿ ಏನೆಲ್ಲ ಮಾತು ಬರುತ್ತಿತ್ತು ಅಂತ ನನಗೆ ಗೊತ್ತು, ಯಾಕಂದರೆ ಆರು ವರ್ಷದ ನಾನು ಗೋಣಿತಾಟಿನ ಅಂಚಿನಲ್ಲೇ ಇರುತ್ತಿದ್ದೆ, ನನ್ನನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಅಜ್ಜ ಹೊಲದಿಂದ ಬಂದವನು ನೇರ ಒಳಗೆ ಬರುತ್ತಿರಲಿಲ್ಲ. ಕಟ್ಟೆ ಹತ್ತಿ, ಹೊಸಿಲ ಹತ್ತಿರ ನಿಂತು, ಒಮ್ಮೆ ಕೆಮ್ಮುತ್ತಿದ್ದ. ಅದು ನೆಗಡಿಯ ಕೆಮ್ಮಲ್ಲ. ಅದಕ್ಕೆ ಬೇರೆಯೇ ಒಂದು ದನಿ ಇತ್ತು, ಕಫ ಇಲ್ಲದ ಒಣ ದನಿ, ‘ಅಹ್ಹ್’ ಅಂತ. ಕೆಮ್ಮಿದ ಮೇಲೂ ಒಳಗೆ ಬರದೆ ಚಪ್ಪಲಿ ಬಿಡೋಕೆ ಬೇಕಿದ್ದಕ್ಕಿಂತ ಜಾಸ್ತಿ ಹೊತ್ತು ತಗೊಳ್ಳುತ್ತಿದ್ದ.

ಆ ಹೊತ್ತಲ್ಲಿ ಒಳಗೆ ಆಗುತ್ತಿದ್ದದ್ದು ನೋಡಬೇಕು. ಸೆರಗು ಸರಿಹೋಗುತ್ತಿತ್ತು. ಅರ್ಧಕ್ಕೆ ನಿಂತ ಮಾತನ್ನು ಒಬ್ಬರು ಮಳೆಯ ಕಡೆ ತಿರುಗಿಸುತ್ತಿದ್ದರು. ಅಜ್ಜಿಯ ದನಿ ಒಂದು ಮೆಟ್ಟಿಲು ಕೆಳಗೆ ಇಳಿಯುತ್ತಿತ್ತು. ಅಜ್ಜ ಒಳಗೆ ಬಂದಾಗ ಅಲ್ಲಿ ಶೇಂಗಾ ಸುಲಿಯೋ ಹೆಂಗಸರು ಮಾತ್ರ ಇರುತ್ತಿದ್ದರು. ಒಳಗೆ ತನ್ನ ಬಗ್ಗೆಯೂ ಮಾತಾಗುತ್ತೆ ಅಂತ ಅಜ್ಜನಿಗೆ ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು ಅಂತ ನನಗೆ ಈಗ ಅನ್ನಿಸುತ್ತೆ. ಗೊತ್ತಿದ್ದಕ್ಕೇ ಕೆಮ್ಮುತ್ತಿದ್ದ.

ಊರಿಗೆ ಮೊದಲು ಫೋನ್ ಬಂದಾಗಲೂ ಅದು ನಡುಮನೆಯಲ್ಲೇ ಕೂತಿತ್ತು, ಕಸೂತಿ ಬಟ್ಟೆ ಹೊದ್ದುಕೊಂಡು. ಯಾರೇ ಮಾತಾಡಿದರೂ ಮನೆಯವರೆಲ್ಲ ಟಿವಿಯ ದನಿ ತಗ್ಗಿಸಿ ಕೇಳೋರು. ಎಸ್‌ಟಿಡಿ ಬೂತಿಗೆ ಗಾಜಿನ ಬಾಗಿಲಿತ್ತು, ಆದರೆ ಒಳಗೆ ಫ್ಯಾನ್ ಇರುತ್ತಿರಲಿಲ್ಲ, ಸೆಕೆಗೆ ಬಾಗಿಲು ತೆಗೆದೇ ಮಾತಾಡಬೇಕು. ಮೊಬೈಲ್ ಬಂದ ಮೇಲೆ ಫೋನ್ ಒಬ್ಬೊಬ್ಬರ ಕಿವಿಗೆ ಸೇರಿತು. ನಾವು ಎದ್ದು ಬಾಲ್ಕನಿಗೆ ಹೋಗೋದು ಕಲಿತೆವು. ಕಾರಿನ ಬ್ಲೂಟೂತ್ ಅದನ್ನು ಮತ್ತೆ ನಡುಮನೆಗೆ ತಂದು ಕೂರಿಸಿದೆ. ಎದ್ದು ಹೋಗೋಕೆ ಬಾಲ್ಕನಿ ಮಾತ್ರ ಇಲ್ಲ.

ಹಾಗಾಗಿ ‘ಕಾರಲ್ಲಿದೀನಿ, ಎಲ್ಲಾರೂ ಇದಾರೆ’ ಅನ್ನೋದು ಅಜ್ಜನ ಕೆಮ್ಮೇ. ಆದರೆ ಒಂದು ಎಡವಟ್ಟಿದೆ. ಅಜ್ಜ ಕೆಮ್ಮಿದರೆ ಒಳಗಿನವರು ಮಾತು ಬದಲಿಸುತ್ತಿದ್ದರು, ಅಷ್ಟಕ್ಕೇ ಮುಗಿಯುತ್ತಿತ್ತು. ಕಾರಲ್ಲಿ ನಾವು ಕೆಮ್ಮಿದರೆ ಆ ಕಡೆಯವರು, ‘ಓ... ಹೌದಾ... ಏನಿಲ್ಲ ಬಿಡು, ಆಮೇಲೆ ಮಾಡ್ತೀನಿ’ ಅನ್ನುತ್ತಾರೆ. ಆ ಮೂರು ಚುಕ್ಕೆಗಳು ಕಾರಿನಲ್ಲಿರೋ ಎಲ್ಲರಿಗೂ ಕೇಳಿಸುತ್ತವೆ. ‘ಏನಂತೆ?’ ಅಂತ ಹಿಂದಿನಿಂದ ಬರುತ್ತೆ. ‘ಏನೋ ಗೊತ್ತಿಲ್ಲ’ ಅಂತ ನಾವು. ಮುಂದಿನ ಐವತ್ತು ಕಿಲೋಮೀಟರ್ ಆ ‘ಏನೋ’ ನಮ್ಮ ಜೊತೆ ಕೂತು ಪ್ರಯಾಣ ಮಾಡುತ್ತೆ.

ನೀಲಿ ಹಲ್ಲಿನ ರಾಜ

ಬ್ಲೂಟೂತ್ ಅನ್ನೋ ಈ ತಂತ್ರಜ್ಞಾನಕ್ಕೆ ಹೆಸರು ಬಂದದ್ದು ಹತ್ತನೇ ಶತಮಾನದ ಡೆನ್ಮಾರ್ಕಿನ ರಾಜ ಹೆರಾಲ್ಡ್ ಬ್ಲೂಟೂತ್‌ನಿಂದ. ಚದುರಿಹೋಗಿದ್ದ ಜನರನ್ನು ಒಂದು ಮಾಡಿದವನು ಅಂತ ಅವನ ಖ್ಯಾತಿ. ಎರಿಕ್‌ಸನ್, ನೋಕಿಯಾ, ಇಂಟೆಲ್ ಥರದ ಕಂಪನಿಗಳು ತಮ್ಮ ಯಂತ್ರಗಳು ಒಂದಕ್ಕೊಂದು ಮಾತಾಡಲಿ ಅಂತ ಕೈಜೋಡಿಸುತ್ತಿದ್ದ ಕಾಲ. 1997ರಲ್ಲಿ ಇಂಟೆಲ್‌ನ ಜಿಮ್ ಕಾರ್ಡಾಕ್ ಅನ್ನೋರು ಆ ರಾಜನ ಹೆಸರು ಸೂಚಿಸಿದರು. ಅದೇ 1997ರಲ್ಲೇ ನಮ್ಮ ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಹೊಸ ಜಿಲ್ಲೆ ಆಗಿದ್ದು. ಎರಡಕ್ಕೂ ಸಂಬಂಧ ಏನೂ ಇಲ್ಲ, ಸುಮ್ನೆ ಹೇಳಿದೆ. ಒಂದು ಮಾಡಿದ ರಾಜನ ಹೆಸರಿನ ಯಂತ್ರ ನಮ್ಮ ಮನೆಯಲ್ಲಿ ತಮ್ಮನಿಗೂ ದೊಡ್ಡತ್ತೆಗೂ ಆರು ತಿಂಗಳು ಮಾತು ಬಿಡಿಸಿತು ಅನ್ನೋದೂ ಅಷ್ಟೇ.

ನನ್ನ ಕಾರು ಸೆಕೆಂಡ್ ಹ್ಯಾಂಡ್. ತಂದ ವಾರವೇ ಪಿ.ಬಿ. ರೋಡಿನ ಒಂದು ಸ್ಟೀರಿಯೊ ಅಂಗಡಿಗೆ ತಗೊಂಡು ಹೋಗಿದ್ದೆ, ನನ್ನ ಫೋನ್ ಸೇರುತ್ತಲೇ ಇರಲಿಲ್ಲ. ಅಲ್ಲಿನ ಹುಡುಗ ಪರದೆಯಲ್ಲಿ ಹಳೇ ಫೋನುಗಳ ಪಟ್ಟಿ ತೆಗೆದ. ‘ಸಾಹುಕಾರ್ 2’, ‘ಮಮ್ಮಿ ಹೊಸದು’, ‘ಪಾಪು ಟ್ಯಾಬ್’, ಇನ್ನೂ ಎರಡೋ ಮೂರೋ. ನಾನು ಕಂಡೇ ಇರದ ಒಂದು ಕುಟುಂಬ ನನ್ನ ಕಾರಲ್ಲಿ ಇನ್ನೂ ಕೂತಿತ್ತು. ಹುಡುಗ ಒಂದೊಂದಾಗಿ ಅಳಿಸಿದ. ಆಮೇಲೆ ನನ್ನ ಫೋನನ್ನೂ ಕೇಳಿ, ಅದರಲ್ಲಿದ್ದ ಕಾರಿನ ಹೆಸರನ್ನೂ ಅಳಿಸಿದ. ‘ಎರಡೂ ಕಡೆ ಮರೀಬೇಕು ಸಾರ್. ಒಂದು ಮರ್ತು ಇನ್ನೊಂದು ನೆನಪಿಟ್ಕಂಡಿದ್ರೆ ಸೇರಲ್ಲ’ ಅಂದ. ಜೋಡಿಯಾಗೋವಾಗ ಫೋನ್ ಮತ್ತು ಕಾರು ಒಂದು ಗುಪ್ತ ಕೀಲಿಯನ್ನು ಹಂಚಿಕೊಂಡು ಎರಡೂ ಕಡೆ ಬಚ್ಚಿಟ್ಟುಕೊಳ್ಳುತ್ತವೆ, ಅದು ತಾಳೆ ಆಗದಿದ್ದರೆ ಬಾಗಿಲು ತೆಗೆಯೋದಿಲ್ಲ.

ಹಾಡು ಅಷ್ಟು ಚೆನ್ನಾಗಿ ಕೇಳುತ್ತೆ, ಕರೆ ಬಂದರೆ ದನಿ ಯಾಕೆ ಡಬ್ಬಿಯೊಳಗಿಂದ ಬಂದ ಹಾಗಾಗುತ್ತೆ ಅಂತಲೂ ಅವನನ್ನ ಕೇಳಿದ್ದೆ. ಹಾಡಿಗೆ ಒಂದು ದಾರಿ, ಮಾತಿಗೆ ಬೇರೆ ದಾರಿ. ಹಾಡು ಒಂದೇ ಕಡೆ ಹರಿಯುತ್ತೆ, ಹಾಗಾಗಿ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಕಳಿಸೋಕೆ ಜಾಗ ಇರುತ್ತೆ. ಮಾತು ಎರಡೂ ಕಡೆ, ಆ ಕ್ಷಣವೇ ಹೋಗಬೇಕು, ಅದಕ್ಕೆ ಸಾಮಾನ್ಯವಾಗಿ 8,000 ಅಥವಾ 16,000 ಸಲ ಮಾತ್ರ. ದನಿ ಸೊರಗುತ್ತೆ, ಆದರೆ ಪದಗಳು ಚೆನ್ನಾಗಿಯೇ ತಿಳಿಯುತ್ತವೆ. ‘ಮುದುಕಿ’ ಅನ್ನೋದಕ್ಕೆ 8,000 ಸಾಕಾಗಿತ್ತು.

ಇದರಲ್ಲಿ ನನಗೆ ತಮಾಷೆ ಅನ್ನಿಸೋದು ಇನ್ನೊಂದು. ವೈಫೈ, ಮೈಕ್ರೋವೇವ್ ಒಲೆ ಎಲ್ಲ ಓಡಾಡೋ 2.4 ಗಿಗಾಹರ್ಟ್ಸ್ ರೇಡಿಯೊ ಅಲೆಗಳ ಸಂತೆಯಲ್ಲಿ ಯಾರಿಗೂ ಡಿಕ್ಕಿ ಹೊಡೆಯದೆ ಹೋಗೋಕೆ ಬ್ಲೂಟೂತ್ 79 ದಾರಿಗಳ ನಡುವೆ ಸೆಕೆಂಡಿಗೆ 1,600 ಸಲ ಜಿಗಿಯುತ್ತೆ. ಜೊತೆಗೆ ಮಾತನ್ನು ಗೂಢಲಿಪಿ ಮಾಡಿ ಕಟ್ಟಿಕೊಂಡು ಬರುತ್ತೆ. ಜೇಬಿನಿಂದ ಡ್ಯಾಶ್‌ಬೋರ್ಡಿಗೆ ಒಂದು ಮೊಳದ ದಾರಿಗೆ ಇಷ್ಟೆಲ್ಲ ಜೋಪಾನ. ಬಂದು ತಲುಪಿದ ಮೇಲೆ ನಾಲ್ಕು ಸ್ಪೀಕರಿನಲ್ಲಿ ಡಂಗುರ.

ಪೋರ್ಟಿಕೋದಲ್ಲಿ

ದೊಡ್ಡತ್ತೆಯ ಪ್ರಕರಣ ಆದ ಮೇಲೆ ನಾನು ಹುಷಾರಾದೆ. ಕಾರು ಹತ್ತಿದರೆ ಕರೆ ಎತ್ತುವಾಗ ಕೆಮ್ಮೋದು ಅಭ್ಯಾಸವಾಯಿತು. ಹುಷಾರಾಗಬೇಕಾದ್ದು ಬೇರೆ ಕಡೆಯಿಂದ ಅಂತ ಗೊತ್ತಿರಲಿಲ್ಲ.

ಒಂದು ಶನಿವಾರ ಸಂಜೆ ಕುಂದವಾಡ ಕೆರೆಗೆ ವಾಕಿಂಗ್ ಹೋಗಿದ್ದೆವು. ಬರೋವಾಗ ಹೆಂಡತಿ ತನ್ನ ಫೋನಿಂದ ಹಾಡು ಹಾಕಿದ್ದಳು. ಮರುದಿನ ಬೆಳಗ್ಗೆ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬರೋಣ ಅಂತ ನಾನೊಬ್ಬನೇ ಹೊರಟೆ. ಅವಳು ಅಡಿಗೆಮನೆಯಲ್ಲಿ ಶಿವಮೊಗ್ಗದ ತಂಗಿಯ ಜೊತೆ ಫೋನಲ್ಲಿದ್ದಳು. ಪೋರ್ಟಿಕೋಗೂ ಅಡಿಗೆಮನೆಗೂ ಮಧ್ಯೆ ಒಂದೇ ಗೋಡೆ. ಕೀ ತಿರುಗಿಸಿದೆ, ಎಸಿ ಹಾಕಿದೆ. ಹಿಂದಿನ ಸಲ ಯಾವ ಫೋನ್ ಸೇರಿತ್ತೋ ಅದನ್ನೇ ನನ್ನ ಕಾರು ಮೊದಲು ಹುಡುಕುತ್ತೆ. ಹುಡುಕಿತು, ಸಿಕ್ಕಿತು, ನಡೆಯುತ್ತಿದ್ದ ಕರೆಯನ್ನು ಎಳೆದುಕೊಂಡು ಬಂತು.

‘...ಇಲ್ಲ ಅಕ್ಕಾ, ನೀನು ಹೇಳ್ಬೇಕು. ರಿಟೈರ್ ಆದ ಗಂಡಸರೆಲ್ಲಾ ಹಿಂಗೇ. ಭಾವ ಕುಕ್ಕರ್ ವಿಷಲ್ ಎಣಿಸ್ತಾರೆ ಅಂದ್ಯಲ್ಲ, ನಂಗೆ ನಗು ತಡಿಯಕ್ಕಾಗ್ಲಿಲ್ಲ. ಮೂವತ್ತು ವರ್ಷ ಅಡಿಗೆ ಮಾಡಿರೋಳಿಗೆ ಮೂರೋ ನಾಕೋ ಅಂತ ಹೇಳ್ಕೊಡೋಕೆ ಅವರ್ಯಾರು? ಕ್ಲಾಸ್ ರೂಮ್ ಅಂದ್ಕಂಡಿದಾರಾ?’

ಬರೀ ತಂಗಿಯ ದನಿ. ಹೆಂಡತಿಯದ್ದಿಲ್ಲ. ಕರೆ ಕಾರಿಗೆ ಬಂದರೆ ಮೈಕೂ ಕಾರಿನದ್ದೇ ಆಗುತ್ತೆ. ಅಂದರೆ ಅಡಿಗೆಮನೆಯಲ್ಲಿ ಅವಳ ಫೋನ್ ಮೂಕ. ಅವಳ ತಂಗಿಗೆ ಈಗ ಕೇಳಿಸುತ್ತಿರೋದು ಅಡಿಗೆಮನೆ ಅಲ್ಲ, ನಾನು. ನಾನು ಉಸಿರು ಬಿಟ್ಟರೆ ಶಿವಮೊಗ್ಗಕ್ಕೆ ಕೇಳಿಸುತ್ತೆ.

‘ಹಲೋ? ಅಕ್ಕಾ? ಏನದು ಸುಯ್ ಅಂತ ಸದ್ದು? ಅಕ್ಕಾ... ಅಳ್ತಿದೀಯೇನೇ ಮತ್ತೆ?’

ಸುಯ್ ಅನ್ನುತ್ತಿದ್ದದ್ದು ಎಸಿ. ಆದರೆ ‘ಮತ್ತೆ’ ಅಂದಳಲ್ಲ.

ಗಂಟಲಿಗೆ ಕೆಮ್ಮು ಬಂತು. ನಿಜವಾದ ಕೆಮ್ಮೋ ಅಜ್ಜನ ಕೆಮ್ಮೋ ಗೊತ್ತಿಲ್ಲ. ಕೆಮ್ಮಬೇಕಿತ್ತು. ಕೆಮ್ಮಿದರೆ ಅಷ್ಟು ಹೊತ್ತು ನಾನು ಕೇಳಿಸಿಕೊಂಡದ್ದೂ ಗೊತ್ತಾಗುತ್ತಿತ್ತು. ನುಂಗಿಕೊಂಡೆ. ಕಿಟಕಿಯಿಂದ ಹೆಂಡತಿ ‘ಹಲೋ, ಹಲೋ, ಕೇಳಿಸ್ತಿಲ್ಲ ಕಣೆ’ ಅನ್ನೋದು ಕೇಳಿಸಿತು. ರಿವರ್ಸ್ ಗೇರ್ ಹಾಕಿ, ಗೇಟಿಗೆ ಒಂದು ಸಲ ಕನ್ನಡಿ ತಾಗಿಸಿ, ರಸ್ತೆಗೆ ಬಂದೆ. ಮೂರನೇ ಮನೆ ದಾಟೋ ಹೊತ್ತಿಗೆ ಪರದೆ ಖಾಲಿಯಾಯಿತು. ರೇಡಿಯೊದಲ್ಲಿ ರೈತರಿಗೆ ಹವಾಮಾನದ ಮಾಹಿತಿ ಬರುತ್ತಿತ್ತು.

ದೋಸೆ ಅಂಗಡಿ ಮುಂದೆ ಕಾರು ನಿಲ್ಲಿಸಿ ಸ್ವಲ್ಪ ಹೊತ್ತು ಇಳಿಯಲಿಲ್ಲ. ದೊಡ್ಡತ್ತೆ ಆ ಡಬ್ಬಿಯ ಮುಚ್ಚಳವನ್ನು ಯಾಕೆ ಒತ್ತುತ್ತಿದ್ದರು ಅಂತ ನೆನಪಾಯಿತು. ನಾನು ಸೀಟ್ ಬೆಲ್ಟಿನ ಕೊಂಡಿಯನ್ನು ಹಾಕಿ ತೆಗೆದು ಮಾಡುತ್ತಿದ್ದೆ.

ಮನೆಗೆ ಬಂದಾಗ ಗೇಟಿನ ಹತ್ತಿರ ಒಂದು ಸಣ್ಣ ಹಾರ್ನ್ ಹೊಡೆದೆ. ‘ಗೇಟ್ ತೆಗ್ದೇ ಇದೆಯಲ್ಲ, ಯಾಕೆ ಹೊಡೀತೀರಿ?’ ಅಂದಳು ಹೆಂಡತಿ. ಕಣ್ಣು ನೋಡಿದೆ, ಏನೂ ತಿಳಿಯಲಿಲ್ಲ. ಈರುಳ್ಳಿ ಹೆಚ್ಚುತ್ತಿದ್ದಳು. ‘ಬೆಳಗ್ಗೆ ತಂಗಿ ಫೋನ್ ಮಧ್ಯದಲ್ಲಿ ಕಟ್ ಆಯ್ತು, ಈ ನೆಟ್‌ವರ್ಕಿನ ಹಣೆಬರಹ’ ಅಂದಳು. ‘ಹೌದು, ಇಲ್ಲಿ ಸ್ವಲ್ಪ ವೀಕು’ ಅಂದೆ. ನಾನು ಪೇಪರ್ ಹಿಡಿದು ಕೂತೆ. ಕುಕ್ಕರ್ ಕೂಗಿತು. ಮತ್ತೆ ಕೂಗಿತು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಸಲ.

‘ಎಷ್ಟಾಯ್ತು?’ ಅಂತ ಒಳಗಿಂದ ಕೇಳಿದಳು.

‘ನಾನು ಎಣಿಸ್ಲಿಲ್ಲ’ ಅಂದೆ.

ಮೂರಾಗಿತ್ತು.